ನಡುಗುವ ಕೈ

ಪೀಣ್ಯದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ಪಕ್ಕಕ್ಕಿಡುವುದು ನನ್ನ ಕೆಲಸ. ಜಯಸಿಂಹ ಸರಿ ಅಂದರೆ ಸರಿ ಎಂದು ಕಾರ್ಖಾನೆಯಲ್ಲಿ ಒಂದು ಮಾತಿದೆ. ನನ್ನ ಮಗಳು ಯಾಮಿನಿಯೂ ಆ ಮಾತನ್ನು ನಂಬಿದ್ದಳು. ಕೆಟ್ಟಿದ್ದು ಅಲ್ಲೇ.

ಇಪ್ಪತ್ತೊಂದನೇ ವಯಸ್ಸಿಗೆ ಅವಳಿಗೆ ಕಾಯಿಲೆ ಶುರುವಾಯಿತು. ಎಂಟು ದಿನ ನಿದ್ದೆಯಿಲ್ಲ, ಬಾಯಿಗೆ ಬಿಡುವಿಲ್ಲ. ನಡುಮನೆಯ ಗೋಡೆಗಳ ತುಂಬ ಪೆನ್ನಿನಿಂದ ಏನೇನೋ ಬರೆದಳು. ಆಮೇಲೆ ಎರಡು ತಿಂಗಳು ಅದೇ ಗೋಡೆ ನೋಡುತ್ತ ಮಲಗಿದಳು. ಡಾಕ್ಟರು ಕೊಟ್ಟ ಮಾತ್ರೆ ಅವಳನ್ನು ನಮಗೆ ವಾಪಸು ಕೊಟ್ಟಿತು. ಗೋಡೆಗೆ ನಾನೇ ಸುಣ್ಣ ಹೊಡೆದೆ. ಮೂರು ವರ್ಷ ಚೆನ್ನಾಗಿದ್ದಳು, ನಮ್ಮ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಾತ್ರೆಯಿಂದ ಬೆರಳು ಸ್ವಲ್ಪ ನಡುಗುತ್ತಿದ್ದವು, ಅಷ್ಟೇ.

ಆಸ್ಪತ್ರೆಗೆ ಹೋಗುವ ದಿನ ಎದುರು ಮನೆಯ ಚನ್ನಕ್ಕನಿಗೆ, ಬೇಗೂರಿನ ದೇವಸ್ಥಾನದಲ್ಲಿ ಹರಕೆ ಇದೆ ಎನ್ನುತ್ತಿದ್ದೆವು. ಚನ್ನಕ್ಕ ಪ್ರಸಾದ ಕೇಳದೆ ಬಿಡುವವಳಲ್ಲ. ಅದಕ್ಕೇ ವಾಪಸು ಬರುವಾಗ ಮಾರ್ಕೆಟ್‌ನಲ್ಲಿ ಬಸ್ಸು ಬದಲಾಯಿಸುವಷ್ಟರಲ್ಲಿ ಹೂವು, ಕಲ್ಲುಸಕ್ಕರೆ ಕೊಳ್ಳುತ್ತಿದ್ದೆ. ಪ್ರಸಾದವೆಂದು ಕೊಟ್ಟರೆ ಚನ್ನಕ್ಕ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು. ಊರಿಗೆಲ್ಲ ಸುಳ್ಳು ಹೇಳಿದರೂ ಮನೆಯೊಳಗೆ ನಾವು ಮೂವರು ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ.

ಹೋದ ವರ್ಷ, ತೊಂಬತ್ತಾರರಲ್ಲಿ, ಗಂಡಿನ ಕಡೆಯವರು ಮೂರು ವಾರ ಬಿಟ್ಟು ನೋಡಲು ಬರುತ್ತೇವೆ ಎಂದರು. ಹುಡುಗ ಋಷಿಕೇಶ್, ವೈಟ್‌ಫೀಲ್ಡ್‌ನ ಕಾರ್ಖಾನೆಯಲ್ಲಿ ಕೆಲಸ. ನನ್ನ ಹೆಂಡತಿ ವೆಂಕಟಲಕ್ಷ್ಮಿ ಅಂದೇ ಅಭ್ಯಾಸಕ್ಕೆಂದು ಆರು ಲೋಟ ಕಾಫಿ ಇಟ್ಟ ತಟ್ಟೆಯನ್ನು ಯಾಮಿನಿಯ ಕೈಗೆ ಕೊಟ್ಟು ಅಡಿಗೆಮನೆಯಿಂದ ನಡುಮನೆಗೆ ನಡೆಸಿದಳು. ದಾರಿಯುದ್ದಕ್ಕೂ ಲೋಟಗಳು ಕಿಣಿಕಿಣಿ ಅಂದವು. ಅರ್ಧ ಕಾಫಿ ತಟ್ಟೆಯಲ್ಲೇ ಇತ್ತು.

"ಮೂರು ವಾರ ಮಾತ್ರೆ ನಿಲ್ಸೋಣ ಕಣ್ರೀ. ಅವ್ರು ನೋಡ್ಕೊಂಡು ಹೋದ್ಮೇಲೆ ಮತ್ತೆ ಶುರು ಮಾಡಿದ್ರಾಯ್ತು," ಎಂದಳು ಆಮೇಲೆ ನನ್ನೊಬ್ಬನನ್ನೇ ಕರೆದು.

"ಒಂದು ದಿನಾನೂ ಬಿಡಬಾರ್ದು ಅಂತ ಡಾಕ್ಟರು ಹೇಳಿದಾರೆ."

"ಡಾಕ್ಟರು ಬಂದು ಮದುವೆ ಮಾಡ್ಕೋತಾರಾ?"

ಅವಳೇನೂ ಕೆಟ್ಟವಳಲ್ಲ, ಹೆದರಿದವಳು. ನಾನು ಅವಳಿಗಿಂತ ಹೇಡಿ. ಬೇಡ ಎಂದು ಗಟ್ಟಿಯಾಗಿ ಹೇಳಲಿಲ್ಲ.

ಯಾಮಿನಿ ಅಮ್ಮನ ಮಾತಿಗೆ ಒಪ್ಪಲಿಲ್ಲ. ನಾನು ಡ್ಯೂಟಿಗೆ ಹೊರಡುವ ಮುಂಚೆ ಶೂ ಕಟ್ಟಿಕೊಳ್ಳುತ್ತಿದ್ದಾಗ ಬಂದು ಎದುರು ಕೂತಳು. ಆ ತಿಂಗಳು ಮಾತ್ರೆ ತರಲು ನಾನೊಬ್ಬನೇ ಹೋಗಿದ್ದೆ.

"ಅಪ್ಪಾ, ಇನ್ಮೇಲೆ ಮಾತ್ರೆ ಬೇಡ ಅಂತ ಡಾಕ್ಟರು ನಿಮ್ಹತ್ರ ಹೇಳಿದ್ರು ಅಂತಾಳೆ ಅಮ್ಮ. ನಿಜಾನಾ?"

"ಹೌದಮ್ಮ, ಹೇಳಿದ್ರು," ಎಂದೆ.

"ಹಾಗಾದ್ರೆ ನಂಗೆ ವಾಸಿ ಆಯ್ತಾ?"

ಆ ಮುಖ ನೋಡಿ ಇಲ್ಲ ಅನ್ನಲು ನನ್ನಿಂದಾಗಲಿಲ್ಲ. "ಆಯ್ತು ಕಣಮ್ಮ," ಎಂದೆ. ಅವಳು ನನ್ನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಮೂರು ವರ್ಷದಲ್ಲಿ ಅವಳು ಸಂತೋಷಕ್ಕೆ ಅತ್ತಿದ್ದು ಅದೊಂದೇ ಸಲ.

ಗಂಡಿನ ಕಡೆಯವರು ಬಂದ ದಿನ ಯಾಮಿನಿ ಕಾಫಿ ತಂದಳು. ಎಲ್ಲರೂ ಅವಳ ಮುಖ ನೋಡುತ್ತಿದ್ದರೆ ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಒಂದು ಲೋಟವೂ ಸದ್ದು ಮಾಡಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ. ನನಗೆ ಹೆಮ್ಮೆಯಾಯಿತು. ನಾಚಿಕೆಯಾಗುತ್ತದೆ, ಆದರೂ ಆಗಿದ್ದು ನಿಜ. ಅವರು ಅಲ್ಲೇ ಒಪ್ಪಿ, ಮುಂದಿನ ತಿಂಗಳು ನಿಶ್ಚಿತಾರ್ಥ ಎಂದು ಹೇಳಿ ಹೋದರು.

ಅಂದು ಸಂಜೆಯೇ ವೆಂಕಟಲಕ್ಷ್ಮಿ ಮಾತ್ರೆ ತೆಗೆದು ಮಗಳ ಮುಂದಿಟ್ಟಳು. ಯಾಮಿನಿ ನಕ್ಕುಬಿಟ್ಟಳು.

"ಇದ್ಯಾಕಮ್ಮ? ವಾಸಿ ಆಗಿದೆ ಅಂತ ಅಪ್ಪಾನೇ ಹೇಳಿದಾರಲ್ಲ!"

ವೆಂಕಟಲಕ್ಷ್ಮಿ ನನ್ನ ಕಡೆ ನೋಡಿದಳು. ನಿಜ ಹೇಳಲು ಅದೊಂದು ಗಳಿಗೆ ಸಿಕ್ಕಿತ್ತು. ನಿಶ್ಚಿತಾರ್ಥ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡು ಪೇಪರ್ ಓದುವವನ ಹಾಗೆ ತಲೆ ತಗ್ಗಿಸಿದೆ.

ಹತ್ತು ದಿನದಲ್ಲಿ ಅವಳ ನಿದ್ದೆ ಹೋಯಿತು. ಹದಿನಾಲ್ಕನೆಯ ದಿನ ಮದುವೆಗೆಂದು ತೆಗೆದಿಟ್ಟಿದ್ದ ಸೀರೆ ಉಟ್ಟು ಒಬ್ಬಳೇ ಬಸ್ಸು ಹತ್ತಿ ವೈಟ್‌ಫೀಲ್ಡ್‌ಗೆ ಹೋದಳು. ಋಷಿಕೇಶನ ಕಾರ್ಖಾನೆಯ ಗೇಟಿನ ಮುಂದೆ, ಶಿಫ್ಟ್ ಬಿಡುವ ಹೊತ್ತಿನಲ್ಲಿ, ಹೊರಗೆ ಬಂದವರನ್ನೆಲ್ಲ ಕೈ ಹಿಡಿದು ಮದುವೆಗೆ ಕರೆದಳು. ಸೆರಗು ನೆಲದಲ್ಲಿ ಎಳೆದಾಡುತ್ತಿದ್ದರೂ ಅವಳಿಗೆ ಗೊತ್ತಿರಲಿಲ್ಲವಂತೆ. ಆ ಹುಡುಗ ಒಳ್ಳೆಯವನು, ಆಟೋದಲ್ಲಿ ತಾನೇ ಕರೆತಂದು ಮನೆ ಮುಟ್ಟಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ: "ಮೊದ್ಲೇ ಹೇಳಬಾರ್ದಿತ್ತಾ ಸಾರ್?" ಮತ್ತೆ ಅವರ ಕಡೆಯಿಂದ ಯಾರೂ ಬರಲಿಲ್ಲ.

ಈ ಸಲ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದಳು. ಕಳಿಸುವಾಗ ಡಾಕ್ಟರು ನನ್ನೊಬ್ಬನನ್ನೇ ಕೂರಿಸಿಕೊಂಡು, ಇನ್ನೊಂದು ಸಲ ಬಿಟ್ಟರೆ ಈ ಮಾತ್ರೆಯೂ ಕೈಕೊಡಬಹುದು ಎಂದರು. ಬಸ್ಸಿನಲ್ಲಿ ಯಾಮಿನಿ ನನ್ನ ಪಕ್ಕ ಕೂತಿದ್ದಳು. ಮಡಿಲಲ್ಲಿ ಅವಳ ಬೆರಳು ನಡುಗುತ್ತಿದ್ದವು. ಅವನ್ನು ನೋಡಿ, ಇಷ್ಟೇ ಸಾಕಪ್ಪ, ಹೀಗೇ ಇರಲಿ ಎಂದು ಬೇಡಿಕೊಂಡೆ.

ಮನೆಗೆ ಬಂದು ಊಟವಾದ ಮೇಲೆ ಮಾತ್ರೆ, ನೀರು ಹಿಡಿದು ಹೋದೆ.

"ತಗೋಮ್ಮ. ಬಿಡಬಾರ್ದು ಅಂತ ಡಾಕ್ಟರು ಹೇಳಿದಾರೆ."

ಅವಳು ಮಾತ್ರೆ ನೋಡಲಿಲ್ಲ. ಕಾರ್ಖಾನೆಯಲ್ಲಿ ನಾನು ಅನುಮಾನದ ಪೀಸನ್ನು ನೋಡುವ ಹಾಗೆ ನನ್ನ ಮುಖ ನೋಡಿದಳು.

"ಬಿಡಬಹುದು ಅಂತಾನೂ ಡಾಕ್ಟರೇ ಹೇಳಿದ್ರು ಅಂದ್ರಲ್ಲ ಅಪ್ಪ."

"ಅದು ಸುಳ್ಳು ಕಣಮ್ಮ. ತಪ್ಪು ಮಾಡ್ಬಿಟ್ಟೆ. ಇದು ನಿಜ." ಡಾಕ್ಟರ ಚೀಟಿ ತೆಗೆದು ತೋರಿಸಿದೆ. ನನ್ನ ದನಿ ನನಗೇ ಮಾರುವವನ ದನಿಯಂತೆ ಕೇಳಿಸಿತು.

"ಚನ್ನಕ್ಕಂಗೆ ಪ್ರಸಾದಾನೂ ನೀವು ಹೀಗೇ ಕೊಡ್ತಿದ್ರಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಕಾಲು ಹಿಡಿದೆ. ವೆಂಕಟಲಕ್ಷ್ಮಿ ಅನ್ನದಲ್ಲಿ ಕಲಸಿ ನೋಡಿದಳು, ಅಂದಿನಿಂದ ಮಗಳು ನಮ್ಮ ಕೈಯ ಅನ್ನವನ್ನೂ ಬಿಟ್ಟು ಬರೀ ಬಾಳೆಹಣ್ಣು ತಿನ್ನುತ್ತಾಳೆ, ಸಿಪ್ಪೆ ತಾನೇ ಸುಲಿದು. ಡಾಕ್ಟರ ಹತ್ತಿರ ಹೋಗೋಣ, ಅವರ ಬಾಯಲ್ಲೇ ಕೇಳು ಎಂದರೆ, ಎಲ್ಲಿಗೆ ಕರ್ಕೊಂಡು ಹೋಗ್ತೀರೋ ಯಾರಿಗ್ಗೊತ್ತು ಅನ್ನುತ್ತಾಳೆ.

ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಹಣ್ಣು ಸುಲಿಯುತ್ತಿದ್ದಾಗ ಬಾಗಿಲ ಮರೆಯಿಂದ ನೋಡಿದೆ. ಅವಳ ಕೈ ನಡುಗುವುದು ನಿಂತುಹೋಗಿದೆ.