ಗೋಡೆಯಿಂದ ಇಳಿದ ಹೆಸರು

"ಡಬ್ಬಿಗೆ ಚೀಟಿ ಅಂಟ್ಸಕ್ಕೆ ಇಷ್ಟೊತ್ತೇನೇ, ದರಿದ್ರದೋಳೆ?"

ಕೌಂಟರಿನ ಆಚೆಯ ಗಂಡಸು ಡಾಕ್ಟರ ಚೀಟಿಯನ್ನು ಉಂಡೆ ಮಾಡಿ ನನ್ನ ಮುಖಕ್ಕೆ ಎಸೆದ. ಬಾಗಿ ಎತ್ತಿಕೊಂಡೆ. ಅವನ ಹಿಂದಿನ ಸಾಲು ಬಾಗಿಲು ದಾಟಿ ಗ್ರೀನಕ್ ಊರಿನ ಮಳೆಯಲ್ಲಿ ನಿಂತಿತ್ತು.

"ಅವ್ನ ಬಾಯಿಗೆ ಮಣ್ಣು ಬೀಳ," ಎಂದು ಸೆಂಗಾ ಗೊಣಗಿದಳು. ಈ ಔಷಧಿ ಅಂಗಡಿಯಲ್ಲಿ ನನಗಿದ್ದ ಒಬ್ಬಳೇ ಸಹಾಯಕಿ, ಅಮ್ಮನ ವಯಸ್ಸಿನವಳು. "ನೀನು ತಲೆಗ್ ಹಚ್ಕೋಬ್ಯಾಡ ಎಲ್ಸ್ಪೆತ್."

ನಾನು ಫಾರ್ಮಸಿಸ್ಟ್. ಐಲ್ಸಾ ಮೋವಟ್ ಕೂಡ. ಒಂದೇ ಕಾಲೇಜು, ಒಂದೇ ಬೆಂಚು. ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದೂ ಒಂದೇ ಜಾಗ. ಅದು ಅವಳಿಗೆ ಸಿಕ್ಕಿತು. ಆಯ್ಕೆಯಲ್ಲಿ ಎರಡನೆಯವಳಾದ ನಾನು ಈ ಕಂಪನಿ ಅಂಗಡಿಗೆ ಬಿದ್ದೆ.

ಹಿಂದಿನ ವಾರ ರಜೆಯ ದಿನ ಅಪ್ಪನನ್ನು ನೋಡಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ಮಾಡಿ ಎದೆ ಕೆಡಿಸಿಕೊಂಡವನು. ಅವನ ಹಾಸಿಗೆಯ ಪಕ್ಕ ಐಲ್ಸಾ ಕೂತಿದ್ದಳು. ಕೆಲಸದ ಹೊತ್ತಿನಲ್ಲಿ ಕೂತಿದ್ದಳು! ಯಾವ ಮಾತ್ರೆ ಯಾಕೆಂದು ನಿಧಾನವಾಗಿ ಹೇಳುತ್ತಿದ್ದಳು. ದೊಡ್ಡ ಡಾಕ್ಟರು ಬಂದು, "ಐಲ್ಸಾ, ಇವರಿಗೆ ಡೋಸ್ ಇಳಿಸೋಣ್ವಾ?" ಎಂದರು.

"ರಕ್ತದ ರಿಪೋರ್ಟ್ ಬರ್ಲಿ, ಹೇಳ್ತೀನಿ."

ಅವರು ತಲೆಯಾಡಿಸಿ ಹೋದರು.

"ಕೆಮಿಸ್ಟ್ ಅಂದ್ರೆ ಇವ್ಳು ಕಣವ್ವಾ," ಎಂದು ಅಪ್ಪ ನನ್ನ ಕೈ ಹಿಡಿದು ಹೇಳಿದ.

"ಸುಮ್ನಿರಿ. ನಿಮ್ ಮಗಳೂ ಅದೇ ಕೆಲ್ಸ ಮಾಡೋದಲ್ವಾ?" ಎಂದಳು ಐಲ್ಸಾ.

ಆ ಕನಿಕರಕ್ಕೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅವಳು ಏನಾದರೂ ತಪ್ಪು ಮಾಡಲಿ, ಹತ್ತು ಜನರ ಮುಂದೆ ಉಗಿಸಿಕೊಳ್ಳಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ.

ಉಗಿಸಿಕೊಂಡವಳು ನಾನು. ಚೀಟಿ ಮುಖಕ್ಕೆ ಬಿದ್ದ ದಿನವೇ ಮಧ್ಯಾಹ್ನ ಕಂಪನಿಯ ಏರಿಯಾ ಮ್ಯಾನೇಜರ್ ಗಾರ್ವಿ ಅಂಗಡಿಗೆ ಬಂದ. ಒದ್ದೆ ಕೊಡೆಯನ್ನು ಸೆಂಗಾಳ ಕೈಗೆ ತುರುಕಿ ನನ್ನತ್ತ ತಿರುಗಿದ.

"ಫ್ಲೂ ಸೂಜಿ ಟಾರ್ಗೆಟ್ ಎಲ್ಲಿಗ್ ಬಂತು?"

"ಔಷಧಿ, ಸೂಜಿ ಎರಡೂ ನಾನೊಬ್ಳೇ ನೋಡ್ಬೇಕು. ಬೆಳಿಗ್ಗೆಯಿಂದ ಒಂದಕ್ಕೂ ಹೋಗಿಲ್ಲ. ಸ್ವಲ್ಪ ಹೋಗ್ಬರ್ತೀನಿ."

"ಕಟ್ಕೊಂಡು ನಿಂತ್ಕೋ. ಇದು ಅಂಗ್ಡಿ. ಉಚ್ಚೆಗೆ ಹೋಗೋ ಸುಖ ಬೇಕಿದ್ರೆ ಆಸ್ಪತ್ರೆ ಸೇರ್ಬೇಕಿತ್ತು. ಓ, ಅವ್ರು ನಿನ್ನ ತಗೊಳ್ಳಿಲ್ಲ, ಅಲ್ವಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಈ ಹೊತ್ತಿನ ಹೊಣೆ ಯಾರದೆಂದು ಹೇಳುವ ಫಲಕ ಗೋಡೆಯ ಮೇಲಿತ್ತು: ಎಲ್ಸ್ಪೆತ್ ರೆನಿ. ಹೊಣೆ ಹೊತ್ತ ಫಾರ್ಮಸಿಸ್ಟ್ ಇಲ್ಲದೆ ಡಾಕ್ಟರ ಚೀಟಿಗೆ ಒಂದು ಗುಳಿಗೆಯನ್ನೂ ಕೊಡುವಂತಿಲ್ಲ. ಕಾನೂನು. ಕೈ ಚಾಚಿ ಆ ಫಲಕವನ್ನು ಕಿತ್ತೆ.

"ಏಯ್, ಏನೇ ಮಾಡ್ತಿದೀಯ?"

"ಇನ್ಮೇಲೆ ಇಲ್ಲಿ ಫಾರ್ಮಸಿಸ್ಟ್ ಇಲ್ಲ. ಮಾತ್ರೆ ಮುಟ್ಟಿದ್ರೆ ಪೊಲೀಸರು ನಿನ್ನೇ ಕೇಳ್ತಾರೆ."

ಹಿಂದಿನ ಪಾಯಿಖಾನೆಗೆ ಹೋಗಿ ಚಿಲಕ ಹಾಕಿಕೊಂಡೆ. ತಡೆದು ತಡೆದು ಉರಿಯಾಗಿತ್ತು, ಹನಿಹನಿಯಾಗಿ ಬಂತು.

ಗಾರ್ವಿ ಬಾಗಿಲು ಗುದ್ದಿದ. "ಜನ ಕಾಯ್ತವ್ರೆ, ಹೊರಗ್ ಬಾರೇ ಬೇವರ್ಸಿ!"

"ಆರಾಮಾಗಿ ಕೂತ್ಕೋ ಮಗಾ!" ಎಂದು ಸೆಂಗಾ ಕೂಗಿದಳು.

ಅವಳ ದನಿಯ ಹಿಂದೆ ಒಂದು ಮುದುಕಿಯ ದನಿ: "ನನ್ ಗಂಡನ ಹೃದಯದ ಗುಳಿಗೆ ಮುಗ್ದೋಗವೆ ಕಣ್ರಪ್ಪಾ... ಯಾರಾದ್ರೂ ಕೊಡ್ರೋ..."

ಐಲ್ಸಾ ಈಗ ಏನು ಮಾಡುತ್ತಿರಬಹುದು ಎಂದುಕೊಂಡೆ. ಯಾರದೋ ಹಾಸಿಗೆಯ ಪಕ್ಕ ಕೂತು ನಿಧಾನವಾಗಿ ಮಾತ್ರೆ ವಿವರಿಸುತ್ತಿರಬೇಕು, ಅವಳ ಬಾಗಿಲನ್ನು ಯಾರೂ ಗುದ್ದುವುದಿಲ್ಲ. ಮುದುಕಿ ಮತ್ತೆ ಕೂಗಿದಳು.

ನಾನು ಚಿಲಕ ತೆಗೆಯಲಿಲ್ಲ.