ಸಜ್ಜಾದ ಮೇಲೆ ಕೂತ ವಿಮಾನ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗಾಳಿ ಮೇಡಂ ಎಂದೇ. ತಾನಾಗಿಯೇ ಹಾರುವ, ಊಟದ ತಟ್ಟೆಯಷ್ಟಗಲದ ವಿಮಾನಗಳಿಗೆ ಊರೊಳಗಿನ ಗಾಳಿಯಲ್ಲಿ ಬದುಕಲು ಕಲಿಸುವುದು ಅವಳ ಕೆಲಸ. ಬಯಲಿನ ಗಾಳಿ ಸಂಭಾವಿತ, ಒಂದು ದಿಕ್ಕು ಹಿಡಿದು ಹೋಗುತ್ತದೆ. ಊರಿನ ಗಾಳಿಗೆ ಅಪ್ಪ ಅಮ್ಮ ಇಲ್ಲ. ಎತ್ತರದ ಕಟ್ಟಡಕ್ಕೆ ಹಣೆ ಚಚ್ಚಿಕೊಂಡು ಕೆಳಗೆ ಧುಮುಕುತ್ತದೆ, ಮೂಲೆಯಲ್ಲಿ ಸುಳಿ ತಿರುಗುತ್ತದೆ, ಸಂದಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಓಡುತ್ತದೆ. ಪ್ರಯೋಗಾಲಯದ ಗೋಡೆ ತುಂಬ ಫ್ಯಾನು ಕೂರಿಸಿ ಅವಳು ಅಂಥ ಗಾಳಿಯನ್ನೇ ಎಬ್ಬಿಸುತ್ತಿದ್ದಳು. ಬಿದ್ದರೆ ವಿಮಾನಕ್ಕೆ ಅಂಕ ಕಡಿತ, ಬೀಳದಿದ್ದರೆ ಬಹುಮಾನ. ಬಿದ್ದು ಎದ್ದು ಅದೇ ಕಲಿಯಬೇಕು.

"ಗಾಳಿ ಬಂದಾಗ್ಲೇ ತೂರ್ಕೋಬೇಕು ಮೇಡಂ," ಎಂದ ಮಾಲೀಕರು ಬಿರುಗಾಳಿಯ ದಿನವನ್ನೇ ಪ್ರದರ್ಶನಕ್ಕೆ ಗೊತ್ತು ಮಾಡಿದರು. ಎರಡು ಗೋಪುರಗಳ ನಡುವಿನ ಸಂದಿಯಲ್ಲಿ, ನೆಲದ ಔಷಧದಂಗಡಿಯಿಂದ ಹನ್ನೆರಡನೇ ಮಹಡಿಗೆ ಮಂಡಿನೋವಿನ ಮುಲಾಮು ತಲುಪಿಸುವುದು. ಮಂಡಿ ಅಲ್ಲಿ ವಾಸವಿದ್ದ ಅವಳ ಅತ್ತೆಯದೇ.

"ನಾನು ಬಾಲ್ಕನೀಲಿ ನಿಂತಿರ್ಲೇನೆ?" ಅತ್ತೆ ಫೋನಿನಲ್ಲಿ ಕೇಳಿದರು.

"ಬೇಡತ್ತೆ, ಒಳಗೇ ಇರಿ. ವಿಪರೀತ ಗಾಳಿ."

"ನಿನ್ನ ಆ ತಟ್ಟೆಗಿಲ್ಲದ ಗಾಳಿ ಭಯ ನನಗ್ಯಾಕೆ?"

ಮುಖ್ಯ ಅತಿಥಿ ವಿಮಾ ಕಂಪನಿಯ ಅಧಿಕಾರಿ. ಅವರ ಒಪ್ಪಿಗೆಯಿಲ್ಲದೆ ಜನರ ತಲೆಯ ಮೇಲೆ ಏನನ್ನೂ ಹಾರಿಸುವಂತಿರಲಿಲ್ಲ. ಕತ್ತಿನ ಟೈ ಹಾರಿ ಹಾರಿ ಅವರ ಕೆನ್ನೆಗೇ ಹೊಡೆಯುತ್ತಿತ್ತು.

ವಿಮಾನ ಮುಲಾಮು ಕಟ್ಟಿಕೊಂಡು ಮೇಲೆದ್ದಿತು. ಆರನೇ ಮಹಡಿಯ ಹತ್ತಿರ ಗಾಳಿ ಅದನ್ನು ಪಕ್ಕಕ್ಕೆಸೆಯಿತು; ವಾಲಿತು, ಸಾವರಿಸಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವುದರೊಳಗೆ ಅದು ಕಟ್ಟಡದ ಮೂಲೆ ತಿರುಗಿ ಮಾಯವಾಯಿತು.

ಸ್ವಲ್ಪ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ವಿಮಾನದ ಹೊಟ್ಟೆಯ ಮೇಲೆ ಬರೆದಿದ್ದುದು ಅವಳ ನಂಬರೇ.

"ನಾನು ಏಳನೇ ಮಹಡಿ ಹಲ್ಲಿನ ಡಾಕ್ಟ್ರು. ನಿಮ್ಮದೇನೋ ಬಂದು ನಮ್ಮ ಕಿಟಕಿ ಸಜ್ಜಾ ಮೇಲೆ ಕೂತಿದೆ. ಅದು ಹೋಗೋ ತನಕ ಬಾಯಿ ತೆಗೆಯಲ್ಲ ಅಂತಿದ್ದಾರೆ ಕುರ್ಚಿಲಿರೋರು."

ಅವಳಿಗೆ ಥಟ್ಟನೆ ಅರ್ಥವಾಯಿತು. ಬಿದ್ದದ್ದಕ್ಕೆ ಅಂಕ ಕಳೆದಿದ್ದಳೇ ಹೊರತು ತಡವಾದದ್ದಕ್ಕೆ ಎಂದೂ ಕಳೆದಿರಲಿಲ್ಲ. ಪ್ರಯೋಗಾಲಯದಲ್ಲಿ ಕೂರಲು ಜಾಗವಿರಲಿಲ್ಲ, ಹಾಗಾಗಿ ಹಾರುತ್ತಿತ್ತು. ಇಲ್ಲಿ ಜಾಗ ಸಿಕ್ಕಿತು, ಕೂತಿತು. ಇಷ್ಟು ವರ್ಷದ ಪರಿಶ್ರಮ ಪಾರಿವಾಳದ ಹಾಗೆ ಮುದುಡಿ ಕೂತಿದೆಯೆಂದು ಅವಳ ಕಿವಿ ಬಿಸಿಯಾಯಿತು.

"ಬಲವಂತವಾಗಿ ಎಬ್ಬಿಸಿ," ಮಾಲೀಕರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

ಎಬ್ಬಿಸುವ ಗುಂಡಿ ಅವಳ ಫೋನಿನಲ್ಲೇ ಇತ್ತು. ಅವಳು ರಸ್ತೆ ನೋಡಿದಳು. ಒಬ್ಬಾಕೆಯ ಕೊಡೆ ತಿರುಚಿಕೊಂಡು ಹೂವಿನಂತೆ ಅರಳಿತ್ತು. ಆಕೆ ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಮಗುವಿನ ಗಾಡಿಯನ್ನೂ ಹಿಡಿದು ಒದ್ದಾಡುತ್ತಿದ್ದಳು.

"ಎಬ್ಬಿಸಿದ್ರೆ ಏಳತ್ತೆ ಸರ್. ಯಾರ ತಲೆ ಮೇಲೆ ಇಳಿಯತ್ತೆ ಅಂತ ಮಾತ್ರ ನನ್ನ ಕೇಳ್ಬೇಡಿ," ಎಂದು ಫೋನನ್ನು ಜೇಬಿಗೆ ಹಾಕಿಕೊಂಡಳು. ಕೆಲಸ ಹೋಯಿತೆಂದೇ ಅವಳ ಲೆಕ್ಕ.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಅತ್ತೆ; ಅವರ ಗಂಟಲು ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು.

"ಮುಲಾಮು ಸಿಕ್ತು ಕಣೆ! ಮೇಲಿಂದ ಬಗ್ಗಿ ನೋಡಿದೆ, ಅದು ಕೆಳಗೆ ಕೂತಿತ್ತು. ಲಿಫ್ಟಲ್ಲಿ ಬಂದೆ, ಡಾಕ್ಟ್ರು ಕಿಟಕಿಯಿಂದ ತೆಗೆದುಕೊಟ್ರು. ನನ್ನ ಹಲ್ಲೂ ನೋಡಿದ್ರು, ಗಟ್ಟಿ ಇದೆಯಂತೆ."

ವಿಮಾ ಅಧಿಕಾರಿ ಅಂದು ಮೊದಲ ಸಲ ನಕ್ಕರು. "ಹಾರೋ ಯಂತ್ರಗಳನ್ನ ಬೇಕಾದಷ್ಟು ನೋಡಿದ್ದೀನಿ. ಯಾವಾಗ ಹಾರಬಾರದು ಅಂತ ಗೊತ್ತಿರೋದು ಇದೊಂದಕ್ಕೇ."

"ಅದೇ ಸರ್ ನಮ್ಮ ವಿಶೇಷ!" ಮಾಲೀಕರು ರೆಪ್ಪೆ ಬಡಿಯದೆ ಹೇಳಿದರು. ಅಲ್ಲೇ ಸಹಿ ಬಿತ್ತು.

ಮರುದಿನ ಅವಳು ಮಾಲೀಕರ ಕೋಣೆಗೆ ಹೋಗಿ, "ಅದು ನನ್ನ ತಪ್ಪು ಸರ್, ಸರಿ ಮಾಡ್ತೀನಿ," ಎಂದಳು.

"ಮುಟ್ಟಿದ್ರೆ ನೋಡಿ!" ಎಂದು ಅವರು ಎದ್ದೇ ನಿಂತರು.

ಫ್ಯಾನುಗಳ ಗೋಡೆಗೆ ಬಟ್ಟೆ ಹೊದಿಸಿದರು. ಗಾಳಿಯನ್ನು ಗೆಲ್ಲಲು ಹೊರಟಿದ್ದವಳಿಗೆ ಬಡ್ತಿ ಸಿಕ್ಕಿತು. ವಿಮಾನಗಳು ಕೂರಲು ತಕ್ಕ ಜಾಗ ಹುಡುಕುವುದು ಹೊಸ ಕೆಲಸ. ದುರ್ಬೀನು ಹಿಡಿದು ಬೀದಿ ಬೀದಿ ಅಲೆಯುತ್ತಾಳೆ. ಮೊನ್ನೆ ಒಬ್ಬ ಹೆಂಗಸು ಕಿಟಕಿಯಿಂದ ಗದರಿದಳು, "ಏನ್ರೀ ಅದು, ನಮ್ಮನೆ ನೋಡೋದು?"

"ನಿಮ್ಮ ಸಜ್ಜಾ ತುಂಬಾ ಚೆನ್ನಾಗಿದೆ ಅಮ್ಮ."

ಹೆಂಗಸು ಬಗ್ಗಿ ತನ್ನ ಸಜ್ಜಾವನ್ನು ತಾನೇ ನೋಡಿಕೊಂಡಳು. "ಹೌದಾ? ನಮ್ಮೆಜಮಾನ್ರು ಒಂದಿನಾನೂ ಹೇಳ್ಲಿಲ್ಲ ನೋಡಿ," ಎಂದು, ಅಲ್ಲಿ ಒಣಗಲು ಹಾಕಿದ್ದ ಕಾಲುಚೀಲಗಳನ್ನು ನಾಚಿಕೊಂಡು ಒಳಗೆಳೆದುಕೊಂಡಳು.