ಏಳನೇ ಮನೆಯ ಗುರು

ಚಿಕ್ಕಸಿದ್ದಮ್ಮ ಗಂಡನ ಮನೆ ಬಿಟ್ಟು ಬಂದ ದಿನ ಅವಳ ತಾಯಿ ಭದ್ರಮ್ಮ ಭೇರ್ಯ ಊರಿನಲ್ಲಿ ತಮ್ಮದೇ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಎಡತೊರೆಯವರು ಹೊಸ ಅಣೆಕಟ್ಟೆಯ ಹಿನ್ನೀರಿಗೆ ಹೆದರಿ ಕೃಷ್ಣರಾಜನಗರದಲ್ಲಿ ಹೊಸ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಹೊಸ ಅಗ್ರಹಾರ ಅನ್ನುವ ಊರಿನ ಕಡೆಯ ಬಂಡಿಜಾಡಿನಲ್ಲಿ ಒಬ್ಬಳು ಹೆಂಗಸು, ಸೆರಗಿನಲ್ಲಿ ಏನನ್ನೋ ಕಟ್ಟಿ ಎದೆಗೆ ಆನಿಸಿಕೊಂಡು ಬರುತ್ತಿದ್ದಳು. ಯಾರೋ ಕೂಸು ಹೊತ್ತು ತರುತ್ತಿದ್ದಾರೆ ಅಂದುಕೊಂಡಳು ಭದ್ರಮ್ಮ. ಹತ್ತಿರ ಬಂದ ಮೇಲೆ ಗೊತ್ತಾಯಿತು. ಬಂದವಳು ತನ್ನ ಮಗಳು. ಸೆರಗಿನಲ್ಲಿದ್ದದ್ದು ಅವಳದೇ ಬಲಗೈ, ಮೊಣಕೈಯಿಂದ ಕೆಳಗೆ ಊದಿ ಕಪ್ಪಿಟ್ಟಿತ್ತು.

"ಏನವ್ವ ಇದು?"

"ಎಮ್ಮೆ ಗೂಟ ಕಿತ್ಕಂಡು ಪಕ್ಕದೋರ ಗದ್ದೆ ಮೇಯ್ತು" ಅಂದಳು ಮಗಳು. ಅಳುತ್ತಿರಲಿಲ್ಲ. "ಎಮ್ಮೆಗೆ ವಡೆಯಕೆ ತಗಂಡ ದೊಣ್ಣೇಲಿ ನಂಗೆ ವಡ್ದ. ಗಬ್ಬದ ಎಮ್ಮೆಗೆ ವಡೀಬಾರ್ದಂತೆ."

ಭದ್ರಮ್ಮ ಕೈಲಿದ್ದ ಕಳೆಯನ್ನು ಕೆಳಗೆ ಹಾಕಲಿಲ್ಲ. ಹಿಡಿದ ಹಿಡಿಯಲ್ಲೇ ಮನೆವರೆಗೂ ನಡೆದಳು. ಮೂಳೆ ಕಟ್ಟುವ ಮಂಟಯ್ಯ ಬಂದು ಬಿದಿರ ದಬ್ಬೆ ಇಟ್ಟು ಬಿಗಿಯುವಾಗ ಮಗಳು ಹಲ್ಲು ಕಚ್ಚಿದ ಸದ್ದು ಅವಳಿಗೆ ಕೇಳಿಸಿತು. ಆಗ ನೋಡಿಕೊಂಡಳು, ಕಳೆ ಇನ್ನೂ ಮುಷ್ಟಿಯಲ್ಲೇ ಇತ್ತು.

ಸಂಜೆ ಗಂಡ ಚಾಮಯ್ಯ ಬಂದ. ಮಗಳ ಮುಖ ನೋಡಿದ, ಕೈ ನೋಡಲಿಲ್ಲ.

"ಒಸಿ ತಡ್ಕೊಬೇಕು ಕಣವ್ವ" ಅಂದ. "ನಿನ್ನ ಜಾತಕದಲ್ಲಿ ಏಳನೇ ಮನೇಲಿ ಗುರು ಅವ್ನೆ. ಗಂಡನ ಮನೆ ಅದು. ಶುಭಗ್ರಹ ಕುಂತಿರೋ ಮನೆ ಕೆಡಾಕಿಲ್ಲ."

ಎರಡು ವರ್ಷದ ಹಿಂದೆ ಮದುವೆಯ ಮಾತು ಬಂದಾಗಲೂ ಅವನು ಇದನ್ನೇ ಹೇಳಿದ್ದ. ಹುಡುಗ ನಿಂಗರಾಜು ಚಾಮಯ್ಯನ ಸ್ವಂತ ಅಕ್ಕ ಪುಟ್ಟಮಾದಮ್ಮನ ಮಗ. ಉಳುವಾಗ ಎತ್ತಿನ ಬಾಲ ತಿರುಚಿ ಮುರಿದವನು ಅಂತ ಹೆಸರಾಗಿದ್ದವನು. ಭದ್ರಮ್ಮ ಬೇಡ ಅಂದಿದ್ದಳು. ಎರಡು ಮಕ್ಕಳು ತೀರಿಹೋದ ಮೇಲೆ ಹುಟ್ಟಿದ ಮಗಳು ಅಂತ, ಆಗಲೇ ಊರಿನ ಪಂಚಾಂಗದ ರುದ್ರಸ್ವಾಮಿಗಳ ಹತ್ತಿರ ಜಾತಕ ಬರೆಸಿದ್ದರು. ಚಾಮಯ್ಯ ಅದನ್ನು ತೋರಿಸಿಕೊಂಡು ಬಂದು, "ಗುರುವೇ ಗಂಡನ ಮನೇಲಿ ಕುಂತವ್ನೆ ಅಂದ್ರು ಸ್ವಾಮ್ಗಳು, ಇನ್ನೇನು ಬೇಕು?" ಅಂದಿದ್ದ. ದೇವತೆಗಳಿಗೇ ಗುರುವಾದವನ ಎದುರು ಕಳೆ ಕೀಳುವ ಹೆಂಗಸು ಏನು ಹೇಳಿಯಾಳು? ಬಾಯಿ ಮುಚ್ಚಿಕೊಂಡಿದ್ದಳು.

ಮಾರನೇ ದಿನ ಬೆಳಗ್ಗೆ ತೊಲೆಯ ಸಂದಿಯಿಂದ ಜಾತಕದ ಸುರುಳಿ ಎಳೆದುಕೊಂಡು ಭದ್ರಮ್ಮ ರುದ್ರಸ್ವಾಮಿಗಳ ಜಗಲಿಗೆ ಹೋದಳು. ಅವರು ವಿಭೂತಿ ಹಚ್ಚಿಕೊಂಡು ಆಗಷ್ಟೇ ಕೂತಿದ್ದರು. ಅವಳು ಕೈ ಮುಗಿಯಲಿಲ್ಲ.

"ಬುದ್ಧಿ, ನಿಮ್ಮ ಗುರು ನನ್ನ ಮಗಳ ಕೈ ಮುರ್ದವ್ನೆ."

ವಿಷಯ ಕೇಳಿ ರುದ್ರಸ್ವಾಮಿಗಳು ಸುರುಳಿ ಬಿಡಿಸಿದರು. ಬಹಳ ಹೊತ್ತು ನೋಡಿದರು. "ಏಳರಲ್ಲಿ ಗುರು ಇರೋದು ನಿಜ ತಾಯಿ. ಆದರೆ ಗುರುವಿಗೆ ಒಂದು ಗುಣ ಉಂಟು. ಅವನು ನೋಡಿದ ಮನೆ ಬೆಳಗುತ್ತೆ, ಕೂತ ಮನೆಗೆ ಹಾನಿ. ಶನಿ ಕೂತ ಮನೆ ಉಳಿದರೂ ಉಳಿದೀತು, ಗುರು ಕೂತದ್ದು ಸೊರಗುತ್ತೆ ಅಂತ ಹಿರಿಯರ ಮಾತು. ಏಳರಿಂದ ಅವನು ಲಗ್ನವನ್ನ, ಅಂದರೆ ಜೀವದ ಮನೆಯಾದ ಒಂದನೇ ಮನೆಯನ್ನ ನೋಡ್ತಾನೆ. ಹುಡುಗಿಯ ಜೀವಕ್ಕೆ ಮೋಸವಿಲ್ಲ."

"ಜೀವಕ್ಕೆ ಮೋಸ ಇಲ್ಲ. ಕೈಗೆ?"

ಅವರು ಸುರುಳಿಯನ್ನು ಮತ್ತೆ ಸುತ್ತತೊಡಗಿದರು.

"ಕೂತ ಮನೆ ಕೆಡ್ತದೆ ಅನ್ನೋದು ಆವತ್ತು ಗೊತ್ತಿರ್ಲಿಲ್ವಾ ನಿಮ್ಗೆ?"

"ಗೊತ್ತಿತ್ತು. ಹೇಳಿದ್ದೆ." ರುದ್ರಸ್ವಾಮಿಗಳು ತಲೆ ಎತ್ತಿದರು. "ಈ ಸಂಬಂಧ ಬೇಡ, ಬೇರೆ ನೋಡು ಅಂತ ನಿನ್ನ ಗಂಡನಿಗೆ ಎರಡು ಸಲ ಹೇಳಿದ್ದೆ. ಅವನು ನಿನಗೆ ಹೇಳಲಿಲ್ವೆ?"

ಭದ್ರಮ್ಮನಿಗೆ ಕಿವಿಯೊಳಗೆ ಬೆಂಕಿ ಹೊಕ್ಕ ಹಾಗಾಯಿತು.

"ಮತ್ತೆ ಧಾರೆ ದಿವ್ಸ ನೀವೇ ಬಂದು ಮಂತ್ರ ಹೇಳುದ್ರಲ್ಲ ಬುದ್ಧಿ. ಆವಾಗ ಬಾಯಿ ಎಲ್ಲೋಗಿತ್ತು?"

"ಕರೆದರು, ಬಂದೆ. ಕೇಳಿದವರಿಗೆ ಹೇಳೋದಷ್ಟೇ ನನ್ನ ಕೆಲಸ."

"ಒಳ್ಳೆ ಕೆಲ್ಸ" ಅಂದಳು ಭದ್ರಮ್ಮ. ಸುರುಳಿಯನ್ನು ಅವರ ಜಗಲಿಯ ಮೇಲೇ ಬಿಟ್ಟು ಎದ್ದು ಬಂದಳು.

ಚಾಮಯ್ಯ ಕೊಟ್ಟಿಗೆಯಲ್ಲಿ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಮದುವೆಯಾದಾಗಿನಿಂದ ಗಂಡನಿಗೆ ಏಕವಚನ ಆಡದ ಬಾಯಿ ಅವಳದು.

"ಅರ್ಧ ಮಾತು ಯಾಕೆ ನುಂಗ್ದೆ ನೀನು?"

ಅವನಿಗೆ ತಕ್ಷಣ ಅರ್ಥವಾಯಿತು. ಹುಲ್ಲಿನ ಹೊರೆ ಕೈಯಿಂದ ಜಾರಿತು.

"ಅಕ್ಕುಂಗೆ ಮಾತು ಕೊಟ್ಬುಟ್ಟಿದ್ದೆ ಕಣೆ. ಅವ್ವ ಸತ್ತ ಮೇಲೆ ನನ್ನ ಸಾಕ್ದೋಳು ಅವಳು. ಬ್ಯಾಡ ಅಂತ ಎಂಗೆ ಅನ್ನಲಿ? ಗುರು ಅಲ್ವಾ, ಎಂಗೋ ಕಾಯ್ತಾನೆ ಅನ್ಕಂಡೆ."

"ನಿನ್ನ ಸಾಕಿದ್ದಕ್ಕೆ ನನ್ನ ಮಗಳ ಕೊಟ್ಯಾ? ಹೊಲ ಕೊಡ್ಬೇಕಾಗಿತ್ತು, ಎತ್ತು ಕೊಡ್ಬೇಕಾಗಿತ್ತು. ಕೂಸು ಕೊಟ್ಟು, ಮೇಲೊಬ್ಬ ದ್ಯಾವ್ರನ್ನ ಕಾವ್ಲಿಟ್ಟೆ!"

ಅವನು ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಎದುರು ಮಾತಾಡಿದ್ದರೆ ಜಗಳವಾದರೂ ಆಗುತ್ತಿತ್ತು.

ಹದಿನೈದು ದಿನಕ್ಕೆ ಪುಟ್ಟಮಾದಮ್ಮ ಮಗನನ್ನು ಕರೆದುಕೊಂಡು ಬಂದಳು. ಪಟೇಲ ಲಿಂಗಣ್ಣನನ್ನೂ ನ್ಯಾಯಕ್ಕೆ ಕರೆಸಿದ್ದಳು. ಜಗಲಿಯ ತುಂಬ ನೆಂಟರು. ನಿಂಗರಾಜು ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದ. ದಬ್ಬೆ ಕಟ್ಟಿದ ಕೈಯಿಟ್ಟುಕೊಂಡು ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು.

"ಗಂಡ ಅಂದ್ಮೇಲೆ ಒಂದೇಟು ವಡ್ದಾನು" ಅಂದಳು ಪುಟ್ಟಮಾದಮ್ಮ. "ಕಾರ್ತೀಕಕ್ಕೆ ಗುರು ಮನೆ ಬದಲಾಯಿಸ್ತಾನಂತೆ. ಆಮೇಲೆ ನನ್ನ ಮಗ ಬಂಗಾರ ಆಯ್ತಾನೆ. ಕಳ್ಸವ್ವ ಸೊಸೆಯ."

"ಗುರು ಮನೆ ಬದಲಾಯಿಸ್ಬೋದು, ನನ್ನ ಮಗಳು ಬದಲಾಯಿಸ್ಬಾರ್ದಾ ಅತ್ಗೆ?"

ಜಗಲಿಯ ಮೇಲೆ ಯಾರೋ ನಕ್ಕರು. ಭದ್ರಮ್ಮ ನಗಲಿಲ್ಲ. ಗಂಡನ ಕಡೆ ತಿರುಗಿದಳು.

"ಸ್ವಾಮ್ಗಳು ಹೇಳಿದ್ದ ಇನ್ನರ್ಧ ಮಾತು ಇಲ್ಲಿ ಹೇಳು. ನಾಲ್ಕು ಜನದ ಮುಂದೆ ಹೇಳು. ಇಲ್ದಿದ್ರೆ ಈವತ್ತಿಂದ ನಾನೂ ಈ ಮನೇಲಿರಾಕಿಲ್ಲ."

ಚಾಮಯ್ಯ ಅಕ್ಕನ ಮುಖ ನೋಡಿದ. ಅವಳು ಕಣ್ಣಲ್ಲೇ ಬೇಡ ಅಂದಳು.

"ಬ್ಯಾಡ ಅಂದಿದ್ರು ಸ್ವಾಮ್ಗಳು" ಅಂದ ಕೊನೆಗೆ. "ಗುರು ಕುಂತ ಮನೆ ಹಾಳು ಅಂದಿದ್ರು. ಅಕ್ಕುಂಗೂ ಗೊತ್ತಿತ್ತು. ನಾವಿಬ್ರೂ ಮುಚ್ಚಿಟ್ವಿ."

ಅಕ್ಕನಿಗೂ ಗೊತ್ತಿತ್ತು ಅನ್ನುವುದು ಭದ್ರಮ್ಮನಿಗೂ ಹೊಸದು. ಪುಟ್ಟಮಾದಮ್ಮ ಎದ್ದು ನಿಂತು ಮಣ್ಣು ತೂರಿ ಶಾಪ ಹಾಕಿದಳು. ಸಾಕಿದ ಕೈಗೆ ಕಚ್ಚಿದ ಹಾವು ಅಂದಳು ತಮ್ಮನನ್ನು. ಅಷ್ಟರಲ್ಲಿ ನಿಂಗರಾಜು, "ಏಯ್, ನಡೀ ಮನೇಗೆ" ಅಂತ ಬಾಗಿಲ ಹತ್ತಿರ ಬಂದು ಹುಡುಗಿಯ ಭುಜಕ್ಕೆ ಕೈ ಹಾಕಿದ. ಚಿಕ್ಕಸಿದ್ದಮ್ಮ ಕಿರುಚಲಿಲ್ಲ. ಎಡಗೈಯಲ್ಲಿ ತಾಳಿ ಕಿತ್ತು ಅವನ ಕಾಲ ಬುಡಕ್ಕೆ ಎಸೆದಳು.

"ನಂಗೆ ಯಾವ ಗ್ರಹನೂ ವಡೀಲಿಲ್ಲ. ನೀನು ವಡ್ದೆ."

ಲಿಂಗಣ್ಣ ಎದ್ದು ಪಂಚೆ ಕೊಡವಿಕೊಂಡ. "ಇನ್ನು ನ್ಯಾಯ ಹೇಳಕೆ ಏನೂ ಉಳೀಲಿಲ್ಲ. ನಡೀಲಾ ನಿಂಗ" ಅಂದ.

ಎರಡು ವರ್ಷದ ಮೇಲೆ ಪಿರಿಯಾಪಟ್ಟಣದ ಕಡೆಯ ಚೆಲುವಯ್ಯ ಅನ್ನುವ ರೈತನಿಗೆ ಚಿಕ್ಕಸಿದ್ದಮ್ಮನನ್ನು ಎರಡನೇ ಮದುವೆಯಾಗಿ ಕೂಡಿಕೆ ಮಾಡಿಕೊಟ್ಟರು. ಅದಕ್ಕೆ ಮೊದಲು ಭದ್ರಮ್ಮ ತಾನೇ ಹೋಗಿ ಆ ಊರಲ್ಲಿ ಮೂರು ದಿನ ಉಳಿದು, ಅವನು ಮುದಿ ತಾಯಿಯನ್ನು ಹೇಗೆ ಮಾತಾಡಿಸುತ್ತಾನೆ, ಆಳುಗಳಿಗೆ ಏನು ಉಣ್ಣಲಿಡುತ್ತಾನೆ ಎಲ್ಲ ನೋಡಿಕೊಂಡು ಬಂದಳು. ಜಾತಕದ ಮಾತನ್ನು ಯಾರೂ ಎತ್ತಲಿಲ್ಲ.

ಚಾಮಯ್ಯನಿಗೆ ಅವಳು ಹೊತ್ತು ಹೊತ್ತಿಗೆ ಮುದ್ದೆ ಬಡಿಸುತ್ತಿದ್ದಳು. ಮಾತು ಮಾತ್ರ ಬಡಿಸಲಿಲ್ಲ. ಎತ್ತು, ಬಿತ್ತನೆ, ಮಳೆ, ಅಷ್ಟರಲ್ಲೇ ಮುಗಿಯುತ್ತಿತ್ತು. ಅಕ್ಕನೂ ದೂರವಾಗಿ ಹೆಂಡತಿಯೂ ಇಲ್ಲದಂತಾಗಿ ಅವನು ಜಗಲಿಯಲ್ಲಿ ಒಬ್ಬನೇ ಕೂರುತ್ತಿದ್ದ.

"ಮಗಳು ಸುಖವಾಗವ್ಳಲ್ಲ, ಇನ್ನಾದ್ರೂ ಕ್ವಾಪ ಬುಡು ಭದ್ರಮ್ಮ" ಅಂದಳು ಒಂದು ದಿನ ಪಕ್ಕದ ಮನೆಯ ಬಸವಮ್ಮ.

"ಇಳೀಲಿ ಅಂತ ನಾನೂ ಕಾಯ್ತಾ ಇವ್ನಿ ಕಣಕ್ಕ" ಅಂದಳು ಭದ್ರಮ್ಮ. "ಇಳೀತಾನೇ ಇಲ್ಲ."